ಏಳನೇ ಮಂಚದ ಕೂಸು

ನಮ್ಮ ಊರಿನ ಹಿರಿಯರ ಕಚೇರಿಯಲ್ಲಿ ಅರವತ್ತೈದು ತುಂಬಿದವರಿಗೆ ಮಾಸಾಶನ ಮಂಜೂರಾಗಬೇಕಾದರೆ ಜನ್ಮಪತ್ರ ಕೇಳುವುದಿಲ್ಲ, ಶಾಲೆಯ ದಾಖಲೆಯನ್ನೂ ಕೇಳುವುದಿಲ್ಲ. "ನಿಮ್ಮನ್ನ ಎತ್ತಿದವರು ಯಾರಿದ್ದಾರೆ, ಕರ್ಕೊಂಡು ಬನ್ನಿ" ಎನ್ನುತ್ತಾರೆ. ಕೂಸಾಗಿದ್ದಾಗ ಎತ್ತಿಕೊಂಡವರ ಕೈಗೆ ನಾವು ಎಷ್ಟು ವಯಸ್ಸಾದರೂ ಆ ಕೂಸಿನ ಭಾರವೇ ತಾನೇ. ಹಾಗಾಗಿ ಎತ್ತಿದವರು ಬಂದು, ಗುಮಾಸ್ತರ ಎದುರು ಅರ್ಜಿ ಹಾಕಿದವರನ್ನು ಇನ್ನೊಂದು ಸಲ ಎತ್ತಿ ತೋರಿಸಬೇಕು. ಕಾಲು ನೆಲ ಬಿಟ್ಟ ಕೂಡಲೇ ಗುಮಾಸ್ತರು ಹಳೆಯ ದಿನಪತ್ರಿಕೆಯ ಒಂದು ಹಾಳೆಯನ್ನು ಪಾದದ ಕೆಳಗೆ ಈ ಕಡೆಯಿಂದ ತೂರಿಸಿ ಆ ಕಡೆಯಿಂದ ಎಳೆಯುತ್ತಾರೆ. ಹಾಳೆ ಹರಿಯದೆ ಬಂದರೆ ಸಾಕ್ಷಿ ಸರಿ. ಎತ್ತಿದವರು ಆಗ ತಮಗೆಷ್ಟು ವಯಸ್ಸಾಗಿತ್ತು ಎಂದು ಹೇಳುತ್ತಾರೆ, ಗುಮಾಸ್ತರು ಕೂಡಿ ಕಳೆದು ಬರೆದುಕೊಳ್ಳುತ್ತಾರೆ, ಠಸ್ಸೆ ಬೀಳುತ್ತದೆ.

ಈ ಕೆಲಸಕ್ಕೆ ನನ್ನಷ್ಟು ಬೇಡಿಕೆ ಇದ್ದವರು ಊರಿನಲ್ಲಿ ಇನ್ನೊಬ್ಬರಿಲ್ಲ. ನನ್ನ ಹೆಸರು ನಿಂಗಾಜಮ್ಮ. ಹೆರಿಗೆ ಆಸ್ಪತ್ರೆಯಲ್ಲಿ ಹತ್ತೊಂಬತ್ತನೇ ವಯಸ್ಸಿಗೆ ಆಯಾ ಆಗಿ ಸೇರಿದವಳು ಐವತ್ತೆಂಟಕ್ಕೆ ಹೊರಗೆ ಬಂದೆ. ಈಗ ಎಂಬತ್ತಾರು. ನನ್ನ ಕೈ ದಾಟದೆ ಒಂದು ಕೂಸೂ ಆ ಆಸ್ಪತ್ರೆಯ ಬಾಗಿಲು ದಾಟಿಲ್ಲ ಎಂದು ಎದೆ ತಟ್ಟಿ ಹೇಳಿಕೊಂಡು ತಿರುಗುತ್ತಿದ್ದೆ. ಅಕ್ಕಿ ಗಿರಣಿಯ ಪುಟ್ಟಶೆಟ್ಟರು ಎರಡು ಕುರ್ಚಿ ಬೇಕಾಗುವ ಆಸಾಮಿ. ಅವರನ್ನು ಎಡಗೈಯಲ್ಲಿ ಎತ್ತಿಕೊಂಡು, ಬಲಗೈಯಲ್ಲಿ ಕನ್ನಡಕ ಸರಿಮಾಡಿಕೊಂಡು, "ಎಳೀರಪ್ಪ ಕಾಗದ, ನನಗೆ ಮನೇಲಿ ಕೆಲಸ ಇದೆ" ಎಂದವಳು ನಾನು. ಶೆಟ್ಟರ ಹೆಂಡತಿ ಕಣ್ಣು ಮುಚ್ಚಿಕೊಂಡು ದೇವರನ್ನು ನೆನೆಯುತ್ತಿದ್ದರು.

ಊರಿಗೆ ಇದೆಲ್ಲ ಹೊಸದೇನಲ್ಲ. ಮಾರುಕಟ್ಟೆಯಲ್ಲಿ ತರಕಾರಿಯವರ ಮೇಲೆ ಕೂಗಾಡುತ್ತಿದ್ದ ಪೊಲೀಸ್ ಇನ್‌ಸ್ಪೆಕ್ಟರನ್ನು ಅವರ ಸೋದರತ್ತೆ ಬಂದು ಸೊಂಟಕ್ಕೇರಿಸಿಕೊಂಡು ಮನೆಗೆ ಹೊತ್ತೊಯ್ದದ್ದನ್ನು ಎಲ್ಲರೂ ನೋಡಿದ್ದಾರೆ. ಯಾರೂ ಜಾಸ್ತಿ ನಗಲಿಲ್ಲ. ಅಂಥ ಒಬ್ಬ ಸೋದರತ್ತೆ ಪ್ರತಿಯೊಬ್ಬರಿಗೂ ಇದ್ದೇ ಇರುತ್ತಾಳೆ.

ಮದುವೆಯಲ್ಲಿ ಹೆಣ್ಣನ್ನು ಹೊಸಿಲಿನಿಂದ ಹಸೆಮಣೆಯವರೆಗೆ ತಂದೆಯಾದವನು ಎತ್ತಿಕೊಂಡು ಬರುವುದು ನಮ್ಮಲ್ಲಿ ಪದ್ಧತಿ. ನನ್ನ ಇಬ್ಬರು ಹೆಣ್ಣುಮಕ್ಕಳ ಮದುವೆಯಲ್ಲೂ ಆ ಕೆಲಸ ಮಾಡಿದವನು ನನ್ನ ತಮ್ಮ. ನಮ್ಮ ಯಜಮಾನರು ಚಪ್ಪರದ ಕಂಬದ ಪಕ್ಕ ಟವೆಲು ಹೆಗಲಿಗೆ ಹಾಕಿಕೊಂಡು ನಿಂತಿದ್ದರು. ಹೆಸರು ಬೋರಲಿಂಗಯ್ಯ ಎಂದು ಬರೆಯಬಲ್ಲೆ, ಬಾಯಲ್ಲಿ ಹೇಳಲಾರೆ. ಅದೇ ಆಸ್ಪತ್ರೆಯ ಗೇಟು ಕಾಯುತ್ತಿದ್ದವರು. ಹೆಣ್ಣುಮಕ್ಕಳು ಕೂಸಾಗಿದ್ದಾಗ ಅವರು ಒಂದು ದಿನವೂ ಎತ್ತಿಕೊಳ್ಳಲಿಲ್ಲ. ಅತ್ತರೆ ತೊಟ್ಟಿಲ ಹಗ್ಗ ಎಳೆದು ತೂಗುತ್ತಿದ್ದರು, ಮುಟ್ಟುತ್ತಿರಲಿಲ್ಲ. ಮಕ್ಕಳು ನಡೆಯುವಂತಾದ ಮೇಲೆ ಬೆರಳು ಹಿಡಿದು ಊರೆಲ್ಲ ಸುತ್ತಿಸಿದರು, ಕೇಳಿದ್ದು ಕೊಡಿಸಿದರು. ಆದರೆ ನಡೆಯುವ ಮಗುವನ್ನು ಎತ್ತಿದ್ದು ನಮ್ಮಲ್ಲಿ ಲೆಕ್ಕಕ್ಕಿಲ್ಲ. ಮದುವೆಗೆ ಬಂದ ನೆಂಟರ ಎದುರು ನನ್ನ ಮುಖ ಸಣ್ಣದಾಯಿತು. ಅದನ್ನು ನಾನು ಮರೆಯಲಿಲ್ಲ, ಅವರಿಗೆ ಮರೆಯುವುದಕ್ಕೂ ಬಿಡಲಿಲ್ಲ.

ದಾಕ್ಷಾಯಿಣಿ ನನ್ನನ್ನು ಹುಡುಕಿಕೊಂಡು ಬಂದದ್ದು ಒಂದು ಸೋಮವಾರ ಬೆಳಿಗ್ಗೆ. ಹಳೇ ಬಸ್‌ಸ್ಟ್ಯಾಂಡಿನ ಹಿಂದಿನ ವಠಾರದಲ್ಲಿ ಒಂದು ಕೋಣೆ ಮಾಡಿಕೊಂಡಿರುವ ಒಂಟಿ ಹೆಂಗಸು. ಮದುವೆಯಾಗಲಿಲ್ಲ, ಆಗಬೇಕು ಅಂತ ಅನ್ನಿಸಲಿಲ್ಲ ಎನ್ನುತ್ತಾಳೆ. ಈ ಊರಿನ ಮದುವೆ ಸೀರೆಗಳ ಸೆರಗಿಗೆಲ್ಲ ಕುಚ್ಚು ಕಟ್ಟಿದವಳು ಅವಳೇ. ನನ್ನ ಮಕ್ಕಳ ಧಾರೆ ಸೀರೆಗೂ ಅವಳದೇ ಕುಚ್ಚು. ಈಗ ಎರಡೂ ಕಣ್ಣಿಗೆ ಪೊರೆ ಬಂದು, ದಾರವನ್ನು ನಾಲಿಗೆಯ ತುದಿಯಲ್ಲಿ ತಡಕಿ ಸೂಜಿಗೆ ಪೋಣಿಸುವ ಹಾಗಾಗಿತ್ತು. ಎರಡು ತಿಂಗಳಿಂದ ಕೆಂಪಿಗೂ ಕಿತ್ತಳೆಗೂ ವ್ಯತ್ಯಾಸ ತಿಳಿಯದೆ ಮೂರು ಸೀರೆ ಕೆಡಿಸಿ ಬೈಸಿಕೊಂಡಿದ್ದಳಂತೆ.

"ಹಿರಿಯರ ಕಚೇರಿ ಹಸಿರು ಕಾರ್ಡು ಸಿಕ್ಕಿದ್ರೆ ತಿಂಗಳಿಗಿಷ್ಟು ದುಡ್ಡು ಬರುತ್ತೆ ಆಯಮ್ಮ, ಅಕ್ಕಿ ಕೊಡ್ತಾರೆ, ಬಸ್ಸಿಗೆ ಅರ್ಧ ಚಾರ್ಜು. ಅದೆಲ್ಲ ಹಾಗಿರಲಿ. ಕಣ್ಣಿನ ಆಪರೇಷನ್ನು ಪುಕ್ಕಟೆ ಮಾಡ್ತಾರಂತೆ. ನನಗೆ ಅದು ಬೇಕು. ಕಣ್ಣೊಂದು ಬಂದ್ರೆ ಮಿಕ್ಕಿದ್ದು ನಾನು ನೋಡ್ಕೋತೀನಿ" ಎಂದಳು.

"ನಮ್ಮ ಆಸ್ಪತ್ರೇಲಿ ಹುಟ್ಟಿದ್ದು ತಾನೇ?"

"ಹೂಂ ಮತ್ತೆ."

"ಹಾಗಾದ್ರೆ ನಿನ್ನ ಕಾರ್ಡು ಬಂತು ಅಂತಲೇ ತಿಳ್ಕೊ" ಎಂದೆ. ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟೆ.

ಒಬ್ಬ ಅರ್ಜಿದಾರರು ಮೂವರು ಸಾಕ್ಷಿಗಳನ್ನು ಮಾತ್ರ ತರಬಹುದು. ಮೂವರೂ ಎತ್ತಲಾಗದಿದ್ದರೆ ಕಡತ ಮುಚ್ಚುತ್ತಾರೆ, ಮತ್ತೆ ತೆಗೆಯುವುದಿಲ್ಲ. ಆ ಕಾಯಿದೆಯ ಬಗ್ಗೆ ನಾನು ಅದುವರೆಗೆ ತಲೆ ಕೆಡಿಸಿಕೊಂಡವಳಲ್ಲ. ನಾನು ಹೋದ ಮೇಲೆ ಎರಡನೆಯವರು ಬೇಕಾದದ್ದೇ ಇಲ್ಲ.

ಕಚೇರಿಯ ಗುಮಾಸ್ತ ಫಾಲಾಕ್ಷ. ನಲವತ್ತೈದರ ಗಂಡಸು, ಇವನೂ ನಾನು ಎತ್ತಿದ ಕೂಸೇ. ನನ್ನನ್ನು ಕಂಡು ಸಾಲಿನಲ್ಲಿದ್ದವರಿಗೆ "ಸ್ವಲ್ಪ ಜಾಗ ಬಿಡಿ, ನಿಂಗಾಜಜ್ಜಿ ಬಂದ್ರು, ಒಂದು ನಿಮಿಷದ ಕೆಲಸ" ಎಂದು ಹಾಳೆ ಹಿಡಿದು ನೆಲಕ್ಕೆ ಕುಕ್ಕರಗಾಲಿನಲ್ಲಿ ಕೂತ. ನಾನು ಸೆರಗು ಸಿಕ್ಕಿಸಿ, ದಾಕ್ಷಾಯಿಣಿಯ ಕಂಕುಳಿಗೆ ಕೈ ಕೊಟ್ಟು ಎತ್ತಿದೆ.

ಅವಳು ಏಳಲಿಲ್ಲ.

"ಮೈ ಸಡಿಲ ಬಿಡು ಮಗ, ಬಿಗಿ ಹಿಡೀಬೇಡ" ಎಂದೆ. ಇನ್ನೊಂದು ಸಲ ಉಸಿರು ಕಟ್ಟಿ ಎತ್ತಿದೆ. ಅವಳ ರವಿಕೆಯ ತೋಳು ಮೇಲೆ ಬಂತು, ಹಿಮ್ಮಡಿ ನೆಲ ಬಿಡಲಿಲ್ಲ. ಎಂಬತ್ತಾರು ವರ್ಷದ ಮುದುಕಿ ಅರವತ್ತೈದು ವರ್ಷದ ಹೆಂಗಸನ್ನು ಎತ್ತಲು ಹೋದರೆ ಬೇರೆ ಊರಿನಲ್ಲಿ ಏನಾಗುತ್ತದೋ ಅದೇ ಆಯಿತು. ನನ್ನ ಸೊಂಟ ಕಟಕ್ಕೆಂದಿತು.

"ಅಜ್ಜಿ, ತಿಂಡಿ ತಿಂದು ಬಂದ್ರೋ ಇಲ್ವೋ?" ಎಂದ ಫಾಲಾಕ್ಷ, ಮೆಲ್ಲಗೆ.

ನನಗೆ ರೇಗಿಹೋಯಿತು. ಕೂತಿದ್ದ ಅವನನ್ನೇ ಹಾಗೆಯೇ ಬಾಚಿ ಎತ್ತಿ, ಅವನ ಮೇಜಿನ ಮೇಲೆ ಕಡತಗಳ ನಡುವೆ ಕೂರಿಸಿದೆ. ಒಂದು ತೆಂಗಿನಕಾಯಿ ಎತ್ತಿಟ್ಟಷ್ಟೂ ಕಷ್ಟವಾಗಲಿಲ್ಲ. ಸಾಲಿನವರು ಈಗ ನಕ್ಕರು. ನನ್ನ ಕೈ ಸರಿಯಾಗಿಯೇ ಇತ್ತು ಎನ್ನುವುದು ಎಲ್ಲರಿಗೂ ತಿಳಿಯಿತು. ಹಾಗಾದರೆ ತಪ್ಪು ಅವಳದೇ ಎಂದು ಅವಳ ಕಡೆ ತಿರುಗಿ, "ನೀನು ನಮ್ಮಾಸ್ಪತ್ರೇಲಿ ಹುಟ್ಟಿದ್ದು ಅನ್ನೋದೇ ಸುಳ್ಳು. ಎಲ್ಲಿ ಹುಟ್ಟಿದ್ದೆ ನಿಜ ಹೇಳು" ಎಂದು ಗದರಿಸಿದೆ.

ದಾಕ್ಷಾಯಿಣಿ ಅಳುವ ಪೈಕಿ ಅಲ್ಲ. ರವಿಕೆಯ ತೋಳು ಎಳೆದುಕೊಂಡು ನೆಟ್ಟಗೆ ನಿಂತು, "ಏಳನೇ ನಂಬರ್ ಮಂಚ. ಕಿಟಕಿ ಪಕ್ಕದ್ದು. ಕಿಟಕಿ ಆಚೆ ಬಾದಾಮಿ ಮರ ಇತ್ತು. ಹೆರಿಗೆ ಆದ್ಮೇಲೆ ನಮ್ಮವ್ವಂಗೆ ಹದಿನೈದು ದಿನ ಜ್ವರ, ಎದ್ದು ಕೂರೋಕೂ ಆಗ್ತಿರಲಿಲ್ಲ. ಸಾಯೋವರೆಗೂ ಅವಳು ಆ ಮರದ ಮಾತೇ ಹೇಳ್ತಿದ್ಲು. ಸುಳ್ಳು ಹೇಳಿ ನನಗೇನಾಗಬೇಕಿದೆ ಆಯಮ್ಮ?" ಎಂದಳು.

ಏಳನೇ ಮಂಚ, ಹದಿನೈದು ದಿನದ ಜ್ವರ. ಆ ಕೂಸು ನನಗೆ ನೆನಪಿಗೆ ಬಂತು. ಫಾಲಾಕ್ಷ ತೋರಿಸಿದ ಕಡೆ 'ಎತ್ತಲಾಗಲಿಲ್ಲ' ಎಂಬುದರ ಎದುರು ರುಜು ಹಾಕಿ ಮನೆಗೆ ಬಂದೆ.

ಈಗ ಹೇಳಬೇಕಾದ್ದನ್ನು ಹೇಳಿಬಿಡುತ್ತೇನೆ. ಹೆಣ್ಣುಮಕ್ಕಳಿಗಿಂತ ಮೊದಲು ನನಗೊಂದು ಗಂಡುಮಗು ಇತ್ತು. ಎಂಟು ತಿಂಗಳು ಬದುಕಿತ್ತು. ಮೂರು ದಿನ ಜ್ವರ ಬಂದು ಹೋಗಿಬಿಟ್ಟಿತು. ಅಷ್ಟು ಸಣ್ಣ ಮಗುವಿಗೆ ನಾಲ್ಕು ಜನ ಬೇಕಾಗುವುದಿಲ್ಲ. ನಮ್ಮ ಯಜಮಾನರೊಬ್ಬರೇ ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ ಮಣ್ಣು ಮಾಡಿ ಬಂದರು. ಬಂದವರು ಕೈಕಾಲು ತೊಳೆದರು, ಪಕ್ಕದ ಮನೆಯವರು ತಂದಿಟ್ಟ ಊಟಕ್ಕೆ ಕೂತರು, "ಇನ್ನೊಂಚೂರು ಸಾರು ಹಾಕು" ಎಂದು ನನ್ನನ್ನು ಕೇಳಿದರು. ಒಂದು ತೊಟ್ಟು ಕಣ್ಣೀರು ಹಾಕಲಿಲ್ಲ. ನಾನು ಸಾರು ಹಾಕಿದೆ. ಈ ಮನುಷ್ಯನಿಗೆ ಕರುಳೇ ಇಲ್ಲ ಎಂದು ಅವತ್ತು ತೀರ್ಮಾನ ಮಾಡಿದವಳು, ಅರವತ್ತೈದು ವರ್ಷವಾದರೂ ಬದಲಾಯಿಸಲಿಲ್ಲ.

ನಾಲ್ಕನೇ ದಿನ ಕೆಲಸಕ್ಕೆ ಹೋದೆ. ಅವತ್ತೇ ಏಳನೇ ಮಂಚದಲ್ಲಿ ಹೆರಿಗೆಯಾಯಿತು. ಆ ಬಾಣಂತಿಗೆ ಹಣೆಗೆ ಒದ್ದೆ ಬಟ್ಟೆ ಹಾಕಿದೆ, ಗಂಜಿ ಕುಡಿಸಿದೆ, ಹಾಸಿಗೆ ಬದಲಿಸಿದೆ. ಕೂಸನ್ನು ಮಾತ್ರ ಮುಟ್ಟಲಿಲ್ಲ. ತಾಯಿಯ ಮಗ್ಗುಲಿಗೆ ಸರಿಸಬೇಕಾದಾಗ ಹಾಸಿದ ಬಟ್ಟೆಯ ಅಂಚು ಹಿಡಿದು ಎಳೆಯುತ್ತಿದ್ದೆ. ನನ್ನ ತೋಳಿನಲ್ಲಿ ನನ್ನ ಮಗನ ಭಾರ ಇನ್ನೂ ಇತ್ತು. ಬೇರೆ ಕೂಸನ್ನು ಎತ್ತಿಕೊಂಡರೆ ಅದು ಅಳಿಸಿಹೋಗುತ್ತದೆ ಎಂದು ಭಯ. ಹದಿನೈದು ದಿನ ಹೀಗೆ ನಡೆಯಿತು, ಅಷ್ಟು ದಿನ ಬೇರೆ ಹೆರಿಗೆಯೂ ಬರಲಿಲ್ಲ. ಆ ತಾಯಿ ಮನೆಗೆ ಹೋದ ಮರುದಿನ ಇನ್ನೊಂದು ಕೂಸು ಹುಟ್ಟಿತು, ಎತ್ತಿಕೊಳ್ಳದೆ ಬೇರೆ ದಾರಿ ಇರಲಿಲ್ಲ, ಎತ್ತಿಕೊಂಡೆ. ಆಮೇಲೆ ಎಲ್ಲ ಮೊದಲಿನಂತಾಯಿತು. ಆ ಹದಿನೈದು ದಿನವನ್ನು ನಾನು ತಲೆಯಿಂದಲೇ ತೆಗೆದುಹಾಕಿದ್ದೆ. ಎಲ್ಲ ಕೂಸುಗಳೂ ನನ್ನ ಕೈ ದಾಟಿದವು ಎಂದು ಜಂಬ ಕೊಚ್ಚುವಾಗ ನಾನು ಸುಳ್ಳು ಹೇಳುತ್ತಿದ್ದೇನೆ ಎಂದು ನನಗೇ ಗೊತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ವಠಾರಕ್ಕೆ ಹೋಗಿ ದಾಕ್ಷಾಯಿಣಿಗೆ ಇಷ್ಟನ್ನೂ ಹೇಳಿದೆ. ಅವಳು ಬಾಗಿಲಲ್ಲಿ ಬಿಸಿಲಿಗೆ ಬೆನ್ನು ಕೊಟ್ಟು ಕೂತು ಕೇಳಿದಳು. ಕೇಳಿ ಮುಗಿದ ಮೇಲೆ, "ಒಂದೇ ಒಂದು ಸಲ ಎತ್ತಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು ಆಯಮ್ಮ?" ಎಂದಳು. ಹೇಳಿದ ಮೇಲೆ ಅವಳಿಗೇ ಕಸಿವಿಸಿಯಾಗಿರಬೇಕು. ಒಳಗೆ ಹೋಗಿ ಕಾಫಿ ಕಾಯಿಸಿ ತಂದಳು. ಲೋಟ ನನ್ನ ಕೈಗೆ ಕೊಡುವ ಬದಲು ಕೈಯ ಪಕ್ಕ ಗಾಳಿಗೆ ಕೊಟ್ಟಳು. ನಾನೇ ಕೈ ಸರಿಸಿ ಹಿಡಿದುಕೊಂಡೆ.

"ಯಾರಾದ್ರೂ ಎತ್ತಿರಲೇಬೇಕು ಕಣೆ. ಎತ್ತದೇ ಇದ್ರೆ ಕೂಸು ಬದುಕುತ್ತಾ?" ಎಂದೆ.

"ಅವ್ವ ಇಲ್ಲ, ಅಪ್ಪ ಇಲ್ಲ, ಅಕ್ಕನೂ ಹೋದ್ಲು. ಇರೋದು ಪುಟ್ಟಲಿಂಗಮ್ಮ ಚಿಕ್ಕಮ್ಮ ಒಬ್ಬಳು."

ಪುಟ್ಟಲಿಂಗಮ್ಮ ಎಂದರೆ ದಾಕ್ಷಾಯಿಣಿಯ ತಾಯಿಯ ಚಿಕ್ಕಪ್ಪನ ಮಗಳು. ಯಾವ ಮದುವೆ ಮನೆಯಲ್ಲಿ ಸಿಕ್ಕಿದರೂ "ಇವಳನ್ನು ಎತ್ತಿ ಆಡಿಸಿ ಬೆಳೆಸಿದ್ದೇ ನಾನು" ಎಂದು ದಾಕ್ಷಾಯಿಣಿಯ ಬೆನ್ನು ತಟ್ಟಿ, ಆ ಬಾಬ್ತಿಗೆ ಎರಡು ಸೀರೆಗೆ ಪುಕ್ಕಟೆ ಕುಚ್ಚು ಕಟ್ಟಿಸಿಕೊಂಡವಳು. ಬುಧವಾರ ಅವಳನ್ನು ಆಟೋದಲ್ಲಿ ಕೂರಿಸಿಕೊಂಡು ಹೋದೆವು. ಕಚೇರಿಯ ಬಾಗಿಲಲ್ಲಿ ಇಳಿದವಳೇ ಮೊಣಕಾಲು ನೋವು ಎಂದಳು. ಒಳಗೆ ಬಂದ ಮೇಲೆ ನೆಲ ಜಾರುತ್ತದೆ ಎಂದಳು. ಫಾಲಾಕ್ಷ ಕೂತಲ್ಲಿಂದಲೇ "ಎತ್ತಿ ಅಜ್ಜಿ, ಹಿಂದೆ ಜನ ಇದ್ದಾರೆ" ಎಂದಾಗ ದಾಕ್ಷಾಯಿಣಿಯ ಸೊಂಟಕ್ಕೆ ಕೈ ಹಾಕಿ ಒಂದು ಸಲ ಜಗ್ಗಿ, "ಆಲೂಗಡ್ಡೆ ತಿಂದು ತಿಂದು ಹೆಂಗಾಗಿದ್ದಾಳೆ ನೋಡಿ, ಯಾರು ಎತ್ತೋಕಾಗುತ್ತೆ?" ಎಂದು ಮುಖ ತಿರುಗಿಸಿದಳು. ಆಮೇಲೆ ವಿಚಾರಿಸಿದರೆ ಅವಳು ಈ ಊರಿಗೆ ಬಂದಾಗ ದಾಕ್ಷಾಯಿಣಿ ಆಗಲೇ ನಡೆದಾಡುತ್ತಿದ್ದಳಂತೆ. ಅದನ್ನು ಮೊದಲೇ ಕೇಳಬೇಕೆಂದು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಎರಡು ಸಾಕ್ಷಿ ಮುಗಿಯಿತು. ಫಾಲಾಕ್ಷ ಕಡತದ ಮೇಲೆ ಕೈಯಿಟ್ಟು, "ಅಜ್ಜಿ, ಇನ್ನೊಬ್ರು ಮಾತ್ರ. ಅವಸರ ಮಾಡಬೇಡಿ. ಖಾತ್ರಿ ಇರೋರನ್ನೇ ಕರ್ಕೊಂಡು ಬನ್ನಿ. ಆಮೇಲೆ ನನ್ನ ಕೈಲೂ ಏನೂ ಇರಲ್ಲ" ಎಂದ. ಒಳ್ಳೆಯ ಹುಡುಗ. ಆದರೆ ಖಾತ್ರಿ ಇರುವವರು ಯಾರೂ ಭೂಮಿಯ ಮೇಲಿರಲಿಲ್ಲ.

ಮಧ್ಯಾಹ್ನ ಮನೆಗೆ ಬಂದವಳು ಮುದ್ದೆ ತಿರುವುತ್ತ ಎಲ್ಲರಿಗೂ ಬಯ್ದೆ. ಕಚೇರಿಗೆ ಬಯ್ದೆ, ಪುಟ್ಟಲಿಂಗಮ್ಮನಿಗೆ ಬಯ್ದೆ, ಕೊನೆಗೆ ನನಗೇ ಬಯ್ದುಕೊಂಡೆ. "ನನ್ನಿಂದಾಗಿ ಆ ಹೆಣ್ಣಿನ ಕಣ್ಣು ಹೋಗುತ್ತೆ. ಏಳನೇ ಮಂಚದ ಕೂಸು ಅದು, ಕಣ್ಣೆದುರಿಗೇ ಇತ್ತು, ಕೈ ಚಾಚಿದ್ರೆ ಸಾಕಿತ್ತು" ಎಂದು ತೊಳಸುಗೋಲನ್ನು ಪಾತ್ರೆಗೆ ಕುಟ್ಟಿದೆ. ನಮ್ಮ ಯಜಮಾನರು ಹಿತ್ತಲ ಬಾಗಿಲಲ್ಲಿ ಕೂತು ತೆಂಗಿನ ಗರಿಯಿಂದ ಪೊರಕೆ ಕಡ್ಡಿ ಸೀಳುತ್ತಿದ್ದರು. ತೊಂಬತ್ತೊಂದು ವರ್ಷ. ಕೈ ನಡುಗಿ ಕಾಫಿ ಅರ್ಧ ಪಂಚೆಗೆ ಹೋಗುತ್ತದೆ, ಕಿವಿ ಮುಕ್ಕಾಲು ಪಾಲು ಇಲ್ಲ. ನನ್ನ ಬೈಗುಳ ಅವರಿಗೆ ಕೇಳಿಸುತ್ತದೆಂದು ನಾನು ಅಂದುಕೊಂಡಿರಲಿಲ್ಲ.

"ಯಾವ ಮಂಚ ಅಂದೆ?" ಎಂದರು.

"ಏಳು!" ಎಂದು ಕೂಗಿದೆ.

ಇನ್ನೂ ಎರಡು ಕಡ್ಡಿ ಸೀಳಿ ಪಕ್ಕಕ್ಕಿಟ್ಟರು. ಆಮೇಲೆ, "ಅಳ್ತಿತ್ತು" ಎಂದರು.

"ಯಾರು?"

"ಅದೇ. ನೀನು ಮಧ್ಯಾಹ್ನ ಉಣ್ಣೋಕೆ ಮನೆಗೆ ಹೋಗ್ತಿದ್ದಲ್ಲ, ಆವಾಗ. ಅದರವ್ವಂಗೆ ಎಚ್ಚರ ಇರ್ತಿರಲಿಲ್ಲ. ಗೇಟಿನವರೆಗೂ ಕೇಳ್ತಿತ್ತು."

ಚಾಕು ಮಡಚಿ, ಗೋಡೆ ಹಿಡಿದು ಎದ್ದು ಒಳಗೆ ಹೋದರು. ಪೆಟ್ಟಿಗೆಯ ತಳದಿಂದ ಗೇಟು ಕಾಯುವಾಗಿನ ಖಾಕಿ ಕೋಟು ತೆಗೆದು ಕೊಡವಿದರು. ನಾನು ಮುದ್ದೆ ಬಿಟ್ಟು ಅವರ ಹಿಂದೆ ಹೋದೆ.

"ನೀವು ಆ ಮಗೂನ ಎತ್ತಿದ್ರಾ?"

ಗುಂಡಿ ಹಾಕಲು ಪರದಾಡುತ್ತಿದ್ದರು.

"ನಮ್ಮ ಮಕ್ಕಳನ್ನ ಒಂದಿನ ಎತ್ತಲಿಲ್ಲ. ಊರವರ ಮುಂದೆ ನನ್ನ ತಮ್ಮ ಬಂದು ಎತ್ತಬೇಕಾಯ್ತು. ಯಾರದೋ ಮಗೂನ ಹೋಗಿ ಎತ್ತಿದ್ರಾ ನೀವು?"

"ಕಚೇರಿ ನಾಳೆ ಎಷ್ಟೊತ್ತಿಗೆ ತೆಗೀತಾರೆ?" ಎಂದರು. ನಾನು ಒಂದು ಗುಂಡಿಯನ್ನೂ ಹಾಕಿಕೊಡಲಿಲ್ಲ, ಅಷ್ಟು ಸಿಟ್ಟು ಬಂದಿತ್ತು.

ಸಂಜೆ ದಾಕ್ಷಾಯಿಣಿಯ ಹತ್ತಿರ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಹೇಳದೆ ಇರುವುದು ಸರಿಯಲ್ಲ, ಅವಳ ಕೊನೇ ಅವಕಾಶ ಅದು. "ನೋಡವ್ವ, ನಾನು ಕಣ್ಣಲ್ಲಿ ಕಂಡಿಲ್ಲ. ಹೆತ್ತ ಮಕ್ಕಳನ್ನ ಮುಟ್ಟದ ಮನುಷ್ಯ. ತೊಂಬತ್ತೊಂದು ವರ್ಷ, ಯಾವುದೋ ಮಗೂಗೂ ಯಾವುದೋ ಮಗೂಗೂ ತಾಳೆ ಹಾಕ್ತಿರಬಹುದು. ಆಗದಿದ್ರೆ ನಿನ್ನ ಕಡತ ಮುಚ್ಚಿಹೋಗುತ್ತೆ. ಚೆನ್ನಾಗಿ ಯೋಚನೆ ಮಾಡು."

ಅವಳು ಕೈಲಿದ್ದ ದಾರದುಂಡೆ ಪಕ್ಕಕ್ಕಿಟ್ಟಳು. "ಸುಳ್ಳು ಹೇಳ್ತಾರಾ ಅವರು?"

"ಸುಳ್ಳು ಹೇಳಿದ್ದನ್ನ ನಾನು ಕೇಳಿಲ್ಲ" ಎಂದೆ. "ಮಾತಾಡಿದ್ದನ್ನ ಕೇಳಿದ್ದೇ ಕಮ್ಮಿ."

ದಾಕ್ಷಾಯಿಣಿ ನಕ್ಕಳು. ಎರಡು ತಿಂಗಳಲ್ಲಿ ಅವಳು ನಕ್ಕದ್ದು ಅದೇ ಮೊದಲಿರಬೇಕು. "ಚಿಕ್ಕಮ್ಮ ಅರವತ್ತು ವರ್ಷ ಹೇಳ್ಕೊಂಡು ತಿರುಗಿದ್ಲು, ಎತ್ತಿರಲಿಲ್ಲ. ಇವರು ಅರವತ್ತೈದು ವರ್ಷ ಹೇಳಲಿಲ್ಲ. ಇವರನ್ನೇ ಕರ್ಕೊಂಡು ಬನ್ನಿ ಆಯಮ್ಮ" ಎಂದಳು.

ಗುರುವಾರ ಕಚೇರಿ ತೆಗೆಯುವ ಮೊದಲೇ ನಾವು ಮೂವರೂ ಮೆಟ್ಟಿಲ ಮೇಲೆ ಕೂತಿದ್ದೆವು. ಖಾಕಿ ಕೋಟಿನ ಒಳಗೆ ಇನ್ನೊಬ್ಬರು ಹಿಡಿಸುವಷ್ಟು ಜಾಗವಿತ್ತು. ದಾಕ್ಷಾಯಿಣಿ ಯಜಮಾನರನ್ನು ಹತ್ತಿರದಿಂದ ನೋಡಲು ಮುಖ ಮುಂದೆ ತಂದಳು. ಅವರು ನೋಡಿದವರೇ ಮುಖ ತಗ್ಗಿಸಿ ಕೋಟಿನ ದಾರ ಕೀಳುತ್ತ ಕೂತರು.

ಫಾಲಾಕ್ಷ ಅರ್ಜಿ ತೆಗೆದವನು ಪೆನ್ನು ಹಿಡಿದು ಹಾಗೆಯೇ ನಿಂತ. "ಅಜ್ಜಿ, ಸಾಕ್ಷಿ ಯಾರು, ನೀವಾ? ನಿಮ್ಮದು ಆಗಲೇ ಆಗಿದೆಯಲ್ಲ."

"ನಾನಲ್ಲ. ಇವರು."

"ಗಂಡಸರಾ?" ಎಂದ. ಅವನು ಕೆಲಸಕ್ಕೆ ಸೇರಿದ ಮೇಲೆ ಒಬ್ಬ ಗಂಡಸೂ ಸಾಕ್ಷಿಗೆ ಬಂದಿರಲಿಲ್ಲ. ಬರಬಾರದು ಎಂದೇನೂ ಕಾಯಿದೆ ಇಲ್ಲ. ಕರೆಯಬೇಕೆಂದು ಯಾರಿಗೂ ತೋಚಿರಲಿಲ್ಲ, ಅಷ್ಟೆ. ಸಾಲಿನಲ್ಲಿದ್ದ ಒಬ್ಬರು ಪಕ್ಕದವರಿಗೆ, "ಬೋರಲಿಂಗಣ್ಣ ಅಲ್ವಾ? ಮಗಳ ಮದುವೇಲಿ ಎತ್ತೋಕಾಗದೆ ಕಂಬ ಹಿಡ್ಕೊಂಡು ನಿಂತಿದ್ರಲ್ಲ" ಎಂದರು. ಮೆಲ್ಲಗೆ ಹೇಳಿದೆನೆಂದು ಅವರು ತಿಳಿದಿದ್ದರು. ಅಷ್ಟು ವರ್ಷ ಅದೇ ಮಾತನ್ನು ನಾನೇ ಆಡಿದ್ದೇನೆ. ಆದರೆ ಅವತ್ತು ಇನ್ನೊಬ್ಬರ ಬಾಯಲ್ಲಿ ಕೇಳಿ ನನಗೆ ಸಹಿಸಲಾಗಲಿಲ್ಲ. ತಿರುಗಿ ಒಂದು ಸಲ ನೋಡಿದೆ, ಅವರು ಕೈಲಿದ್ದ ಅರ್ಜಿ ಓದತೊಡಗಿದರು.

ಫಾಲಾಕ್ಷ ನಮ್ಮ ಯಜಮಾನರ ಕಿವಿಯ ಹತ್ತಿರ ಬಾಗಿ, "ಅಜ್ಜ, ಇವರನ್ನ ಎತ್ತಿದಾಗ ನಿಮಗೆಷ್ಟು ವಯಸ್ಸು?" ಎಂದು ಕೂಗಿದ.

"ಇಪ್ಪತ್ತಾರು."

"ಎಷ್ಟು ಸಲ ಎತ್ತಿದ್ರಿ?"

ಆ ಪ್ರಶ್ನೆ ಅರ್ಜಿಯಲ್ಲಿ ಇಲ್ಲ. ಫಾಲಾಕ್ಷನಿಗೂ ಕುತೂಹಲ ತಡೆಯಲಾಗಿರಲಿಲ್ಲ.

"ಅವರು ಮನೆಗೆ ಹೋಗೋವರೆಗೂ. ದಿನಾ."

ಫಾಲಾಕ್ಷ ಹಾಳೆ ಹಿಡಿದು ನೆಲಕ್ಕೆ ಕೂತ. ನಮ್ಮ ಯಜಮಾನರು ನಡುಗುವ ಕೈಗಳನ್ನು ಕೋಟಿಗೆ ಎರಡು ಸಲ ಒರೆಸಿಕೊಂಡರು. ನಾವು ಹೆಂಗಸರು ಎತ್ತುವ ಹಾಗೆ ಕಂಕುಳಿಗೆ ಕೈ ಹಾಕಲಿಲ್ಲ. ಒಂದು ಕೈ ಕತ್ತಿನ ಹಿಂದೆ, ಇನ್ನೊಂದು ಮೊಣಕಾಲ ಹಿಂದೆ. ಕೂಸಿನ ಕತ್ತು ಇನ್ನೂ ನಿಂತಿಲ್ಲ ಎಂದು ಹೆದರುವವರು ಹಿಡಿಯುವ ರೀತಿ. ದಾಕ್ಷಾಯಿಣಿ ಕಣ್ಣು ಮುಚ್ಚಿಕೊಂಡಳು.

ಅವಳು ಎದ್ದಳು. ಎದೆಯವರೆಗೆ ಬಂದಳು. ಅರವತ್ತೈದು ವರ್ಷದ ಹೆಂಗಸು, ನರೆತ ಜಡೆ ಒಂದು ಕಡೆ, ಹವಾಯಿ ಚಪ್ಪಲಿಯ ಕಾಲು ಒಂದು ಕಡೆ ಇಳಿಬಿಟ್ಟುಕೊಂಡು ಆ ಸಡಿಲ ಖಾಕಿ ಕೋಟಿಗೆ ಒರಗಿದಳು. ಹಾಳೆ ಈ ಕಡೆಯಿಂದ ಹೋಗಿ ಆ ಕಡೆಯಿಂದ ಸರಾಗವಾಗಿ ಬಂತು. ಒಂದು ಚೂರೂ ಹರಿಯಲಿಲ್ಲ. "ಬಂತು!" ಎಂದ ಫಾಲಾಕ್ಷ. ಸಾಲಿನಲ್ಲಿ ಯಾರೋ ಚಪ್ಪಾಳೆ ಹೊಡೆದರು. ಅವನು ಮೇಜಿಗೆ ಹೋಗಿ ಅರ್ಜಿಯ ಮೇಲೆ ಠಸ್ಸೆ ಒತ್ತಿ, ಕಣ್ಣಾಸ್ಪತ್ರೆಯ ಚೀಟಿಯನ್ನೂ ಆಗಲೇ ಬರೆದು ಪುಸ್ತಕದಿಂದ ಹರಿದಿಟ್ಟ. ದಾಕ್ಷಾಯಿಣಿಯ ಕೆಲಸ ಆಯಿತು.

ನಮ್ಮ ಯಜಮಾನರಿಗೆ ಇದ್ಯಾವುದೂ ಕೇಳಿಸಿರಲಿಲ್ಲ. ಅವರು ಎಡಕ್ಕೆ ಒಂದು ಹೆಜ್ಜೆ, ಬಲಕ್ಕೆ ಒಂದು ಹೆಜ್ಜೆ ಹಾಕುತ್ತ ತೂಗತೊಡಗಿದ್ದರು. ಕತ್ತಿನ ಹಿಂದಿದ್ದ ಕೈಯ ಎರಡು ಬೆರಳು ಅವಳ ಭುಜವನ್ನು ಮೆಲ್ಲಗೆ ತಟ್ಟುತ್ತಿದ್ದವು. ಆ ಕೈ ನಡುಗುತ್ತಿರಲಿಲ್ಲ. "ಬಂದ್ಲು, ಬಂದ್ಲು, ಅವ್ವ ಬಂದ್ಲು" ಎನ್ನುತ್ತಿದ್ದರು. ಅವರ ಮುಖದ ಸುಕ್ಕುಗಳಲ್ಲಿ ನೀರಿಳಿದು ಗಲ್ಲದಿಂದ ಕೋಟಿನ ಗುಂಡಿಯ ಮೇಲೆ ಬೀಳುತ್ತಿತ್ತು. ದಾಕ್ಷಾಯಿಣಿ ಕಣ್ಣು ತೆರೆಯಲಿಲ್ಲ, ಇಳಿಸಿ ಎಂದೂ ಹೇಳಲಿಲ್ಲ.

ನಾನು ಮದುವೆಯಾಗಿ ಅಷ್ಟು ವರ್ಷಕ್ಕೆ ಅವರು ಅತ್ತದ್ದನ್ನು ಮೊದಲ ಸಲ ನೋಡಿದೆ. ಮೊದಲ ಸಲ ಎನ್ನುವುದು ನಾನು ನೋಡಿದ್ದಕ್ಕೆ, ಅವರು ಅತ್ತದ್ದಕ್ಕಲ್ಲ. ಸಾರು ಕೇಳಿದ ಮನುಷ್ಯ ನನ್ನ ಎದುರು ಅಳಲಾರದೆ, ನಾನು ಉಣ್ಣಲು ಹೋದ ಹೊತ್ತು ನೋಡಿಕೊಂಡು, ಹದಿನೈದು ದಿನ ಏಳನೇ ಮಂಚದ ಹತ್ತಿರ ಹೋಗಿ ಅತ್ತಿದ್ದರು. ನಾನು ಯಾವ ಭಾರ ಅಳಿಸಿಹೋದೀತೆಂದು ಕೈ ಹಿಂದೆಗೆದೆನೋ ಅದನ್ನು ಹೊರಲಾರದೆ ಅವರು ಕೈ ಮುಂದೆ ಚಾಚಿದ್ದರು. ಆಮೇಲೆ ಹೆಣ್ಣುಮಕ್ಕಳು ಹುಟ್ಟಿದಾಗ, ಒಂದನ್ನು ಮಣ್ಣಿಗೆ ಇಳಿಸಿ ಬಂದ ಕೈಯಿಂದ ನಮ್ಮದೇ ಇನ್ನೊಂದನ್ನು ಎತ್ತಲು ಹೆದರಿದರು. ಹೆದರಿಕೆ ಎಂದು ಒಂದು ಮಾತು ಹೇಳಿದ್ದರೆ ನಾನು ಕೇಳುತ್ತಿರಲಿಲ್ಲವೇ? ಬಹುಶಃ ಕೇಳುತ್ತಿರಲಿಲ್ಲ. ಮಾತಾಡಲು ನಾನು ಅವರಿಗೆ ಜಾಗ ಬಿಟ್ಟದ್ದೇ ಕಮ್ಮಿ.

ಫಾಲಾಕ್ಷ ಠಸ್ಸೆ ಕೈಯಲ್ಲಿ ಹಿಡಿದುಕೊಂಡೇ ಬಂದು, "ಆಯ್ತು ಅಜ್ಜ, ಇಳಿಸಿ. ಮುಂದಿನೋರು ಬರಬೇಕು" ಎಂದ. ಅವರು ಎಡಕ್ಕೊಂದು ಬಲಕ್ಕೊಂದು ಹೆಜ್ಜೆ ಹಾಕುತ್ತಲೇ ಇದ್ದರು. ಅವನು ಅವರ ಕಿವಿಗೆ ಬಾಗಿ ಕೂಗಲು ಬಾಯಿ ತೆರೆದಾಗ ನಾನು ಅವನ ತೋಳು ಹಿಡಿದೆ.

"ಫಾಲಾಕ್ಷ, ಕಾಗದ ಸರಿಯಾಗಿ ಎಳೆದ್ಯಾ?"

"ಎಳೆದೆನಲ್ಲಜ್ಜಿ, ಹರೀದೆ ಬಂತು. ಎಲ್ಲರೂ ನೋಡಿದ್ರು."

"ನನಗೆ ಕಾಣಲಿಲ್ಲ. ಇನ್ನೊಂದು ಸಲ ಎಳಿ" ಎಂದೆ. "ನಿಧಾನಕ್ಕೆ ಎಳಿ."

ಅವನು ನನ್ನ ಮುಖ ನೋಡಿದ, ಅವರ ಮುಖ ನೋಡಿದ. ಠಸ್ಸೆಯನ್ನು ಮೇಜಿನ ಮೇಲಿಟ್ಟು, ಹಾಳೆಯನ್ನು ಬಿಡಿಸಿ ಸರಿಮಾಡಿಕೊಂಡು, ಮತ್ತೆ ನೆಲಕ್ಕೆ ಕೂತ.